ಗಾಡಿ ನಿಂತರೆ ಗಿರಾಕಿಯೂ ನಿಲ್ಲುತ್ತಾರಾ?

ಪ್ರಶ್ನೆ: ಹಳೇ ಪೇಟೆಯ ನಡುವೆ ನಮ್ಮ ಅಪ್ಪನ ಗಡಿಯಾರ ರಿಪೇರಿ ಅಂಗಡಿ ಇದೆ. ಮಳಿಗೆ ಬಾಡಿಗೆಯದು. ಈಗ ಆ ಬೀದಿಗೆ ವಾಹನ ಬಿಡದೆ, ಬರೀ ನಡೆಯುವವರಿಗೆ ಕೊಡುವ ಮಾತು ನಡೆದಿದೆ. ಗಾಡಿ ನಿಂತರೆ ವ್ಯಾಪಾರವೂ ನಿಂತ ಹಾಗೇ ಅಂತ ವ್ಯಾಪಾರಸ್ಥರು ಹೇಳುತ್ತಾರೆ. ಯೋಜನೆಯವರು ಸಭೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಯ ಫೋಟೋ ತೋರಿಸಿದರು. ಅದು ಜಗತ್ತಿನ ಮೊದಲ ಪಾದಚಾರಿ ಬೀದಿಯಂತೆ, ಅಲ್ಲಿ ಯಾರಿಗೂ ನಷ್ಟ ಆಗಲಿಲ್ಲವಂತೆ. ಇನ್ನೊಬ್ಬರು ಎದ್ದು, ಅಮೆರಿಕದಲ್ಲಿ ಇಂಥ ಬೀದಿಗಳೆಲ್ಲ ಸೋತು ಮತ್ತೆ ಕಾರು ಬಿಡಬೇಕಾಯಿತು ಅಂದರು. ಯಾರ ಮಾತು ನಿಜ? ಆ ಬೀದಿಯ ಕಥೆ ಏನು? ಅಪ್ಪ ಒಪ್ಪಬೇಕಾ, ವಿರೋಧಿಸಬೇಕಾ?

ಉತ್ತರ: ಸಭೆಯಲ್ಲಿ ಮಾತಾಡಿದ ಇಬ್ಬರೂ ಅರ್ಧರ್ಧ ನಿಜ ಹೇಳಿದ್ದಾರೆ. ನಿಮ್ಮ ಅಪ್ಪನಿಗೆ ಬೇಕಾಗಿರುವುದು ಅವರು ಬಿಟ್ಟ ಅರ್ಧ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಹೋಗಿ ನಿಂತಿದ್ದು ‘ಮಳಿಗೆ ಬಾಡಿಗೆಯದು’ ಅನ್ನುವ ಎರಡೇ ಪದದ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೀದಿಯ ಕಥೆ ಮುಗಿಸೋಣ.

ಸ್ಟ್ರೋಯೆಟ್ ಜಗತ್ತಿನ ಮೊದಲ ಪಾದಚಾರಿ ಬೀದಿ ಅಲ್ಲವೇ ಅಲ್ಲ. ಇಟಲಿಯ ಪ್ರಾಚೀನ ಪೊಂಪೇ ಊರಿನ ಅವಶೇಷಗಳಿಗೆ ಹೋದರೆ, ದೊಡ್ಡ ಚೌಕಕ್ಕೆ ಬೀದಿ ಸೇರುವ ಕಡೆ ಗಾಡಿ ನುಗ್ಗದಂತೆ ನೆಟ್ಟ ಕಲ್ಲುಗಳು ಇವತ್ತಿಗೂ ನಿಂತಿವೆ. ಕ್ರಿ.ಪೂ. 45ರ ಹೊತ್ತಿನ ಕಾನೂನೊಂದು ಹಗಲಿನಲ್ಲಿ ಬಹುಪಾಲು ಗಾಡಿಗಳನ್ನು ರೋಮ್ ನಗರದ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಸಾಮಾನೆಲ್ಲ ರಾತ್ರಿ ಬರುತ್ತಿತ್ತು. ಚಕ್ರದ ಸದ್ದಿಗೆ ನಿದ್ದೆ ಇಲ್ಲ ಅಂತ ಅಲ್ಲಿನ ಕವಿಯೊಬ್ಬ ಗೊಣಗಿಯೂ ಇದ್ದಾನೆ. ಒಂದು ಕಡೆ ಬೀಗ ಹಾಕಿದರೆ ಗಲಾಟೆ ಇನ್ನೊಂದು ಕಡೆ ಹೋಗುತ್ತದೆ ಅನ್ನುವುದು ಆಗಲೇ ಗೊತ್ತಿತ್ತು ನೋಡಿ. ಇನ್ನು ಬ್ಯೂನಸ್ ಐರಿಸ್‌ನ ಫ್ಲೋರಿಡಾ ಬೀದಿಯ ಒಂದು ಭಾಗಕ್ಕೆ 1913ರಲ್ಲೇ ಹಗಲು ಹೊತ್ತು ವಾಹನ ನಿಲ್ಲಿಸಿದ್ದರು. 1953ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ಲೈನ್‌ಬಾನ್, ಜರ್ಮನಿಯ ಕಾಸೆಲ್‌ನಲ್ಲಿ ಟ್ರೆಪನ್‌ಸ್ಟ್ರಾಸೆ ಶುರುವಾದವು. ಆದರೆ ಈ ಎರಡೂ ಯುದ್ಧದ ಬಾಂಬಿಗೆ ನೆಲಸಮವಾದ ಜಾಗದಲ್ಲಿ ಹೊಸದಾಗಿ ಕಟ್ಟಿದ ಬೀದಿಗಳು. ಅಲ್ಲಿ ತಡೆಯೋಕೆ ಹಳೇ ಟ್ರಾಫಿಕ್ಕೇ ಇರಲಿಲ್ಲ.

ಅತಿ ಉದ್ದದ ಬೀದಿ ಅನ್ನುವ ಮಾತನ್ನೂ ನೀವು ಕೇಳಿರಬಹುದು. ಸ್ಟ್ರೋಯೆಟ್ ಸುಮಾರು 1.1 ಕಿ.ಮೀ. ಇದೆ. ಫ್ರಾನ್ಸಿನ ಬೋರ್ಡೋದಲ್ಲಿರುವ ಸೇಂಟ್ ಕ್ಯಾಥರೀನ್ ಬೀದಿ ಅದಕ್ಕಿಂತ ಉದ್ದ. ಹಾಗಿದ್ದೂ ಎಲ್ಲರೂ ಸ್ಟ್ರೋಯೆಟ್ ಹೆಸರನ್ನೇ ಹೇಳುತ್ತಾರೆ. ಅದು ಮನೆ, ಅಂಗಡಿ, ಕಾರು, ಜಗಳ ಎಲ್ಲ ತುಂಬಿಕೊಂಡಿದ್ದ ಹಳೇ ಬೀದಿ. ಅಲ್ಲಿ ಆದದ್ದನ್ನು ವರ್ಷಗಟ್ಟಲೆ ಕೂತು ಎಣಿಸಿಟ್ಟರು. ಹೆಸರು ಬಂದದ್ದು ಅದರಿಂದ.

ನಿಜ ಹೇಳಬೇಕೆಂದರೆ ಸ್ಟ್ರೋಯೆಟ್ ಅಂತ ಒಂದು ಬೀದಿಯೇ ಇಲ್ಲ. ನಗರಸಭೆಯ ಮುಂದಿನ ಚೌಕದಿಂದ ಕೊಂಗೆನ್ಸ್ ನ್ಯೂಟೋರ್ವ್ ಚೌಕದವರೆಗೆ ಒಂದರ ಬಾಲ ಇನ್ನೊಂದು ಹಿಡಿದ ಹಾಗೆ ಹಲವು ಬೀದಿಗಳಿವೆ. ಫ್ರೆಡೆರಿಕ್ಸ್‌ಬರ್ಗ್‌ಗೇಡ್, ನ್ಯೂಗೇಡ್, ವಿಮ್ಮೆಲ್‌ಸ್ಕಾಫ್ಟೆಟ್, ಅಮಾಗರ್‌ಟೋರ್ವ್, ಓಸ್ಟರ್‌ಗೇಡ್. ಗೋಡೆ ಮೇಲಿನ ಹೆಸರುಗಳು ಇವೇ. 19ನೇ ಶತಮಾನದ ಕೊನೆಯ ಹೊತ್ತಿಗೆ ಜನ ಸುಮ್ನೆ ಅಡ್ಡಾಡೋಕೆ ಬರುವ ಈ ಸಾಲಿಗೆಲ್ಲ ಸೇರಿ ಸ್ಟ್ರೋಯೆಟ್ ಅನ್ನುವ ಹೆಸರು ಬಿತ್ತು. ಅಂದರೆ ಕಾರು ಬರುವ ಮೊದಲೇ ಅದು ಕಾಲಾಡಿಸುವ ಬೀದಿ.

ಈ ಸಾಲಿನ ಅಡ್ಡಬೀದಿಗಳ ಮೂಲೆಯಲ್ಲಿ ನಿಂತು ಕಟ್ಟಡಗಳನ್ನು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಎಷ್ಟೋ ಕಟ್ಟಡಗಳಿಗೆ ಚೂಪು ಮೂಲೆಯೇ ಇಲ್ಲ. ಚಾಕುವಿನಿಂದ ಮೂಲೆ ಸವರಿದ ಹಾಗೆ ಓರೆಯಾಗಿ ಕಟ್ಟಿದ್ದಾರೆ. 1795ರಲ್ಲಿ ನಗರಕ್ಕೆ ದೊಡ್ಡ ಬೆಂಕಿ ಬಿತ್ತು. ಮತ್ತೆ ಕಟ್ಟುವಾಗ, ಬೆಂಕಿ ಆರಿಸುವವರ ಉದ್ದನೆಯ ಏಣಿ ಗಾಡಿಗಳು ತಿರುವಿನಲ್ಲಿ ಸಿಕ್ಕಿಕೊಳ್ಳಬಾರದು ಅಂತ ಮೂಲೆಗಳನ್ನು ಕತ್ತರಿಸಿ ಕಟ್ಟಬೇಕು ಅನ್ನುವ ನಿಯಮ ತಂದರು. ಗಾಡಿ ತಿರುಗಲಿ ಅಂತ ಬಿಟ್ಟ ಆ ಜಾಗ ಇವತ್ತು ನಡೆಯುವವರ ಪಾಲಾಗಿದೆ. ಒಂದು ಬೀದಿಯ ಆಕಾರ ಎಷ್ಟು ಹಳೇ ಕಾರಣಗಳಿಂದ ಬಂದಿರುತ್ತದೆ ಅಲ್ವಾ? ನಿಮ್ಮ ಬೀದಿಗೆ ಯೋಜನೆ ಬರೆಯುವವರು ಮೊದಲು ಇಂಥದ್ದನ್ನು ಓದಬೇಕು. ಫೋಟೋ ತೋರಿಸುವ ಕೆಲಸ ಆಮೇಲೆ.

ಈಗ 1962ಕ್ಕೆ ಬರೋಣ. ಬೀದಿಯ ಅಗಲ ಬಹುತೇಕ ಕಡೆ 10–12 ಮೀಟರ್ ಅಷ್ಟೇ. ಅದರಲ್ಲೇ ಕಾರು, ಸೈಕಲ್ಲು, ಸಾಮಾನಿನ ಲಾರಿ. ಜನ ಎರಡು ಬದಿಯ ಸಣ್ಣ ಫುಟ್‌ಪಾತಿನಲ್ಲಿ ಒತ್ತಿಕೊಂಡು ಹೋಗಬೇಕಿತ್ತು. ಕ್ರಿಸ್‌ಮಸ್ ಹೊತ್ತಿಗೆ ಗಿರಾಕಿಗಳ ನೂಕುನುಗ್ಗಲು ತಡೆಯಲಾರದೆ ಮೊದಲೇ ಒಂದೆರಡು ದಿನ ವಾಹನ ನಿಲ್ಲಿಸುವ ರೂಢಿ ಇತ್ತು. ನನ್ನ ಪ್ರಕಾರ ಇಡೀ ಕಥೆಯ ಗುಟ್ಟು ಇಲ್ಲೇ ಇದೆ. ಕಾರಿಲ್ಲದ ಬೀದಿ ಹೇಗಿರುತ್ತದೆ ಅಂತ ಅಂಗಡಿಯವರು ಆಗಲೇ ಕಣ್ಣಾರೆ ನೋಡಿದ್ದರು, ಅದೂ ವರ್ಷದಲ್ಲಿ ಅತಿ ಹೆಚ್ಚು ವ್ಯಾಪಾರ ಆಗುವ ದಿನಗಳಲ್ಲಿ.

1962ರ ನವೆಂಬರ್ 17ರಂದು ಬೀದಿಗೆ ವಾಹನ ನಿಲ್ಲಿಸಿದರು. ಪ್ರಯೋಗ ಅಂತಲೇ ಹೇಳಿದ್ದರು. ಆದರೂ ವಿರೋಧ ಜೋರಾಗಿತ್ತು. ನಾವು ಡೇನರು, ಇಟಲಿಯವರಲ್ಲ, ಈ ಚಳಿ ಮಳೆಯಲ್ಲಿ ಬೀದಿಯಲ್ಲಿ ಯಾರು ಅಡ್ಡಾಡುತ್ತಾರೆ ಅನ್ನುವುದು ಒಂದು ವಾದ. ಕಾರಿಲ್ಲದಿದ್ದರೆ ಗಿರಾಕಿ ಇಲ್ಲ, ಗಿರಾಕಿ ಇಲ್ಲದಿದ್ದರೆ ಅಂಗಡಿ ಇಲ್ಲ ಅನ್ನುವುದು ಇನ್ನೊಂದು. ನಿಮ್ಮ ಸಭೆಯ ಮಾತೇ, 60 ವರ್ಷದ ಹಿಂದೆ! ಇದರ ಹಿಂದಿದ್ದ ಮೇಯರ್ ಆಲ್ಫ್ರೆಡ್ ವಾಸಾರ್ಡ್‌ಗೆ ಕೊಲೆ ಬೆದರಿಕೆ ಕೂಡ ಬಂದಿತ್ತು ಅಂತ ಹೇಳುತ್ತಾರೆ. ಒಂದು ಚಳಿಗಾಲ ಹೋಯಿತು, ಬೇಸಿಗೆ ಬಂತು, ಜನ ಬಂದರು. 1964ರಲ್ಲಿ ಪ್ರಯೋಗವನ್ನೇ ಕಾಯಂ ಮಾಡಿದರು.

ಗಮನಿಸಿ, ಮೊದಲ ದಿನ ಮಾಡಿದ್ದು ವಾಹನ ನಿಲ್ಲಿಸುವುದಷ್ಟೇ. ಬೀದಿಯುದ್ದಕ್ಕೂ ಕಲ್ಲು ಹಾಸು, ಬೆಂಚು ಎಲ್ಲ ಆಮೇಲೆ ಬಂದವು. ಫೋಟೋಗಳಲ್ಲಿ ಕಾಣುವ ಅಮಾಗರ್‌ಟೋರ್ವ್ ಚೌಕದ ಆ ಚೆಂದದ ಬಣ್ಣಬಣ್ಣದ ಗ್ರಾನೈಟ್ ಹಾಸು 1990ರ ದಶಕದ್ದು. ಅಂದರೆ 30 ವರ್ಷದ ಮೇಲಿನ ಮಾತು. ಮೊದಲೇ ದುಬಾರಿ ಕಲ್ಲು ಹಾಕಿ, ಆಮೇಲೆ ಜನ ಬರಲಿ ಅಂತ ಕಾಯುವ ಯೋಜನೆ ಕಂಡರೆ ನನಗೆ ಭಯ ಆಗುತ್ತದೆ.

ವಾಸ್ತುಶಿಲ್ಪಿ ಯಾನ್ ಗೇಲ್ ಈ ಬೀದಿಯನ್ನು ರೂಪಿಸಿದರು ಅಂತಲೂ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಬೀದಿ ಮುಚ್ಚಿದಾಗ ಅವರು ಓದು ಮುಗಿಸಿ ಎರಡು ವರ್ಷ ಆಗಿದ್ದ ಹುಡುಗ. ಅವರ ಹೆಂಡತಿ ಇಂಗ್ರಿಡ್ ಮನಶ್ಶಾಸ್ತ್ರ ಓದಿದವರು. ನೀವು ಕಟ್ಟಡದವರಿಗೆ ಮನುಷ್ಯರ ಬಗ್ಗೆ ಯಾಕೆ ಆಸಕ್ತಿ ಇಲ್ಲ ಅಂತ ಮನೆಯಲ್ಲೇ ಪ್ರಶ್ನೆ ಎದ್ದಿತಂತೆ. ಇಬ್ಬರೂ 1965ರಲ್ಲಿ ಇಟಲಿಗೆ ಹೋಗಿ ಚೌಕಗಳಲ್ಲಿ ಜನ ಏನು ಮಾಡುತ್ತಾರೆ ಅಂತ ಬರೆದುಕೊಂಡು ಬಂದರು. ಆಮೇಲೆ ಸ್ಟ್ರೋಯೆಟ್‌ನಲ್ಲಿ ಕೂತು ಎಣಿಸಲು ಶುರು ಮಾಡಿದರು. ಎಷ್ಟು ಜನ ಹೋದರು, ಎಷ್ಟು ಜನ ನಿಂತರು, ಎಲ್ಲಿ ಕೂತರು. 1968, 1986, 1995, ಹೀಗೆ ಮತ್ತೆ ಮತ್ತೆ.

ನಿಮ್ಮ ಅಪ್ಪನಿಗೆ ಹೇಳಲೇಬೇಕಾದ್ದು ಆ ಎಣಿಕೆಯಲ್ಲಿದೆ. ಬ್ಯಾಂಕು, ಆಫೀಸು, ಷೋರೂಂಗಳ ಮುಂದೆ ಜನ ನಿಲ್ಲುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಆಟಿಕೆ ಅಂಗಡಿ, ಪತ್ರಿಕೆ ಮಾರುವ ಪೆಟ್ಟಿಗೆ, ಫೋಟೋ ಹಾಕಿದ ಗಾಜು, ಇವುಗಳ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಇನ್ನೊಂದು ಲೆಕ್ಕ ನೋಡಿ. ಅಂಗಡಿ ಮುಖ 5–6 ಮೀಟರ್ ಇದ್ದರೆ 100 ಮೀಟರಿಗೆ 15–20 ಅಂಗಡಿ ಹಿಡಿಯುತ್ತವೆ. ಮಾಮೂಲಿ ನಡಿಗೆಯಲ್ಲಿ ಐದು ಸೆಕೆಂಡಿಗೊಮ್ಮೆ ಹೊಸದೊಂದು ಬಾಗಿಲು. ಹಳೇ ಪೇಟೆಗಳಿಗೆ ಇದು ಪುಕ್ಕಟೆ ಸಿಕ್ಕ ಆಸ್ತಿ. ಬಾಗಿಲ ಬಳಿ ಮೇಜು ಹಾಕಿಕೊಂಡು, ಕಣ್ಣಿಗೆ ಭೂತಗಾಜು ಸಿಕ್ಕಿಸಿ, ಚಿಮುಟದ ತುದಿಯಲ್ಲಿ ಕೂದಲಿನಂಥ ಸ್ಪ್ರಿಂಗ್ ಹಿಡಿದ ಗಡಿಯಾರದವನ ಮುಂದೆ ನಿಲ್ಲದೆ ಹೋಗುವ ಮಗು ನಾನು ನೋಡಿಲ್ಲ. ಮಗು ನಿಂತರೆ ಅಮ್ಮನೂ ನಿಲ್ಲಬೇಕು. ಕಾರಿನಲ್ಲಿ ಹೋಗುವವರಿಗೆ ಆ ಚಿಮುಟ ಕಾಣುವುದೇ ಇಲ್ಲ.

ಇನ್ನು ಅಮೆರಿಕದ ಮಾತು. ಅದೂ ಸುಳ್ಳಲ್ಲ. 1959ರಲ್ಲಿ ಮಿಷಿಗನ್ ರಾಜ್ಯದ ಕಲಾಮಜೂ ಊರಲ್ಲಿ ಪೇಟೆ ಬೀದಿಗೆ ಕಾರು ನಿಲ್ಲಿಸಿದರು. ನೋಡಿ ಕಲಿತು ಸುಮಾರು 200 ಊರುಗಳು ಅದನ್ನೇ ಮಾಡಿದವು. ಬಹುಪಾಲು ಕಡೆ ಆಮೇಲೆ ಕಾರು ವಾಪಸ್ ಬಂತು. ಕಲಾಮಜೂದಲ್ಲೇ 1998ರಲ್ಲಿ ಒಂದು ಭಾಗಕ್ಕೆ ಮತ್ತೆ ಕಾರು ಬಿಟ್ಟರು. ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ 1964ರಲ್ಲಿ ಮುಚ್ಚಿದ ಫುಲ್ಟನ್ ಬೀದಿಯನ್ನು 2017ರಲ್ಲಿ ತೆರೆದರು. ಶಿಕಾಗೋದ ಸ್ಟೇಟ್ ಬೀದಿ 1979ರಲ್ಲಿ ಕಾರು ನಿಲ್ಲಿಸಿ ಬಸ್ಸನ್ನು ಮಾತ್ರ ಇಟ್ಟುಕೊಂಡಿತು. ಅಗಲ ಫುಟ್‌ಪಾತ್ ಖಾಲಿ ಹೊಡೆಯಿತು, ನಡುವೆ ಬಸ್ಸುಗಳ ಸಾಲು. 1996ರಲ್ಲಿ ಅದನ್ನೂ ಬಿಚ್ಚಿದರು.

ಆದರೆ ಕಾರಣ ಬೇರೆ. ಅಲ್ಲಿ ಜನ ಆಗಲೇ ಪೇಟೆ ಬಿಟ್ಟು ಊರಾಚೆ ಮನೆ ಮಾಡಿದ್ದರು. ಊರಾಚೆಯ ದೊಡ್ಡ ಮಾಲ್‌ಗಳಲ್ಲಿ ಪಾರ್ಕಿಂಗ್ ಪುಕ್ಕಟೆ. ಪೇಟೆಯಲ್ಲಿ ಅಂಗಡಿ ಮೇಲೆ ವಾಸ ಇರುವವರೇ ಕಮ್ಮಿ. ಸಂಜೆ ಆರಕ್ಕೆ ಶಟರ್ ಎಳೆದರೆ ಬೀದಿಯಲ್ಲಿ ಯಾರೂ ಇಲ್ಲ. ಸೊರಗಿದ ಪೇಟೆಗೆ ಪಾದಚಾರಿ ಬೀದಿಯನ್ನು ಔಷಧಿ ಅಂತ ಕುಡಿಸಿದರು, ರೋಗ ಬೇರೆಯೇ ಇತ್ತು. ತಮಾಷೆ ಅಂದರೆ ಕಲಾಮಜೂ ಯೋಜನೆ ಬರೆದ ವಿಕ್ಟರ್ ಗ್ರೂಯನ್ ಅವರೇ ಊರಾಚೆ ಮಾಲ್‌ಗಳ ಜನಕ ಅಂತಲೂ ಹೆಸರಾದವರು. ಅದೇ ಅಮೆರಿಕದಲ್ಲಿ ಬೌಲ್ಡರ್‌ನ ಪರ್ಲ್ ಬೀದಿ, ಬರ್ಲಿಂಗ್ಟನ್ನಿನ ಚರ್ಚ್ ಬೀದಿ ಚೆನ್ನಾಗಿಯೇ ನಡೆಯುತ್ತಿವೆ. ಎರಡೂ ಊರಲ್ಲಿ ವಿಶ್ವವಿದ್ಯಾಲಯ ಇದೆ. ಕಾರಿಲ್ಲದೆ ಓಡಾಡುವ ವಿದ್ಯಾರ್ಥಿಗಳು ಪೇಟೆಯ ಪಕ್ಕದಲ್ಲೇ ಇದ್ದಾರೆ.

ಹಾಗಾಗಿ ನಿಮ್ಮ ಬೀದಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ನಡೆದು ಬರುವಷ್ಟು ಹತ್ತಿರದಲ್ಲಿ ಎಷ್ಟು ಜನ ಇದ್ದಾರೆ? ವ್ಯಾಪಾರಸ್ಥರು ಇದನ್ನು ಯಾವಾಗಲೂ ಕಮ್ಮಿ ಅಂದಾಜು ಮಾಡುತ್ತಾರೆ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಶೇ 58 ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಅಂತ ಅಂಗಡಿಯವರು ಅಂದುಕೊಂಡಿದ್ದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು ಶೇ 32. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಅಂದಾಜು ಶೇ 41, ನಿಜ ಶೇ 22. ಅರ್ಧ ಮೈಲಿ ಒಳಗಿಂದ ಬರುವವರು ಶೇ 12 ಅಂತ ಅಂಗಡಿಯವರ ಲೆಕ್ಕ. ಇದ್ದದ್ದು ಶೇ 42! ಇದು ದಡ್ಡತನವಲ್ಲ. ಕಾರು ನಿಲ್ಲಿಸೋಕೆ ಜಾಗ ಸಿಗದವರು ಒಳಗೆ ಬಂದು ಗೊಣಗುತ್ತಾರೆ, ಅದು ನೆನಪಿರುತ್ತದೆ. ನಡೆದು ಬಂದವರು ಸಾಮಾನು ತಗೊಂಡು ಸುಮ್ಮನೆ ಹೋಗುತ್ತಾರೆ.

ಗಾಡಿಗಳೆಲ್ಲ ಪಕ್ಕದ ಬೀದಿಗೆ ನುಗ್ಗುತ್ತವೆ ಅನ್ನುವ ಭಯಕ್ಕೂ ಒಂದು ಮಾತು. ಸ್ವಲ್ಪ ನುಗ್ಗುತ್ತವೆ. ಆದರೆ ರಸ್ತೆಯ ಜಾಗ ಕಿತ್ತುಕೊಂಡ 70 ಉದಾಹರಣೆಗಳನ್ನು ಬ್ರಿಟನ್ನಿನ ಸಂಶೋಧಕರು 11 ದೇಶಗಳಿಂದ ಸೇರಿಸಿ ನೋಡಿದಾಗ, ಅರ್ಧದಷ್ಟು ಕಡೆ ಆ ರಸ್ತೆಯ ಹಳೇ ಟ್ರಾಫಿಕ್ಕಿನ ಶೇ 11ಕ್ಕಿಂತ ಹೆಚ್ಚು ಪಾಲು ಸುತ್ತಲಿನ ಬೀದಿಗಳಿಗೂ ಹೋಗದೆ ಮಾಯವಾಗಿತ್ತು. ಜನ ಹೊತ್ತು ಬದಲಾಯಿಸಿದರು, ದಾರಿ ಬದಲಾಯಿಸಿದರು, ಕೆಲವು ಓಡಾಟವನ್ನೇ ಬಿಟ್ಟರು. ಪಕ್ಕದ ಬೀದಿಯವರು ಮೊದಲ ಕೆಲವು ವಾರ ಬೈಯುವುದು ಮಾತ್ರ ಖಾತ್ರಿ.

ಈಗ ಆ ಎರಡು ಪದಗಳಿಗೆ ಬರೋಣ.

ನಿಮ್ಮ ಅಪ್ಪನ ಅಂಗಡಿಗೆ ಗಿರಾಕಿ ಕಮ್ಮಿ ಆಗುವ ಅಪಾಯ ಸಣ್ಣದು. ಬಾಡಿಗೆ ಜಾಸ್ತಿ ಆಗುವ ಅಪಾಯ ದೊಡ್ಡದು. ಬೀದಿ ಗೆದ್ದರೆ ಕಾಲ್ನಡಿಗೆ ಹೆಚ್ಚುತ್ತದೆ. ಅದನ್ನು ಮೊದಲು ನೋಡುವವರು ಮಳಿಗೆ ಮಾಲೀಕರು. ದೊಡ್ಡ ಬ್ರ್ಯಾಂಡಿನವರಿಗೆ ಮುಖ್ಯ ಬೀದಿಯ ಅಂಗಡಿ ಎಂದರೆ ಬೋರ್ಡು ಇದ್ದ ಹಾಗೆ. ಅಲ್ಲಿ ಲಾಭ ಬಾರದಿದ್ದರೂ ಬಾಡಿಗೆ ಕಟ್ಟುತ್ತಾರೆ. ರಿಪೇರಿ ಮಾಡಿ ಬದುಕುವವರಿಗೆ ಅದು ಆಗದ ಮಾತು. ಇವತ್ತಿನ ಸ್ಟ್ರೋಯೆಟ್‌ನಲ್ಲಿ ಓಸ್ಟರ್‌ಗೇಡ್ ಕಡೆ ಹೋದರೆ ಜಗತ್ತಿನ ಎಲ್ಲ ಊರಲ್ಲೂ ಸಿಗುವ ದುಬಾರಿ ಬ್ರ್ಯಾಂಡುಗಳು, ನಗರಸಭೆಯ ಕಡೆಯ ತುದಿಯಲ್ಲಿ ಪ್ರವಾಸಿಗರ ಗೊಂಬೆ ಅಂಗಡಿ, ಫಾಸ್ಟ್‌ಫುಡ್. ವ್ಯಾಪಾರಕ್ಕೇನೂ ಕಮ್ಮಿ ಇಲ್ಲ, ವ್ಯಾಪಾರ ಮಾಡುವವರು ಬದಲಾದರು. ಯಾರಿಗೂ ನಷ್ಟ ಆಗಲಿಲ್ಲ ಅನ್ನುವವರು ಬೀದಿಯ ಒಟ್ಟು ಲೆಕ್ಕ ಹೇಳುತ್ತಾರೆ. ಅಪ್ಪನಿಗೆ ಬೇಕಾದ್ದು ಒಂದು ಅಂಗಡಿಯ ಲೆಕ್ಕ.

ಸಣ್ಣ ಅಂಗಡಿಗಳ ಬದುಕು ನೋಡಬೇಕಾದರೆ ಸ್ಟ್ರೋಯೆಟ್ ಬಿಟ್ಟು ಅದಕ್ಕೆ ಸಮಾನಾಂತರವಾಗಿ ಹೋಗುವ ಸ್ಟ್ರೇಡೆಟ್ ಎಂಬ ಸಾಲಿಗೆ ಬರಬೇಕು. 1990ರ ದಶಕದ ಶುರುವಿನಿಂದ ಅಲ್ಲಿ ನಡೆಯುವವರಿಗೆ ಮೊದಲ ಹಕ್ಕು. ಕಾರಿಗೆ ಪೂರ್ತಿ ಬಾಗಿಲು ಹಾಕಿಲ್ಲ, ಆದರೆ ಅದು ನಡೆಯುವವರ ಹಿಂದೆ ಮೆಲ್ಲಗೆ ಬರಬೇಕು. ಹಳೇ ಸಾಮಾನು, ಪಿಂಗಾಣಿ, ಸಣ್ಣ ಕೆಫೆಗಳು ಅಲ್ಲಿ ಸಿಗುತ್ತವೆ. ನಮ್ಮ ಕೆಲಸದಲ್ಲಿ ಎಲ್ಲರೂ ಮುಖ್ಯ ಬೀದಿಯನ್ನೇ ನೋಡುತ್ತಾರೆ. ನನಗೆ ಮಾತ್ರ ಹಿಂದಿನ ಗಲ್ಲಿಯೇ ಜಾಸ್ತಿ ಕಲಿಸಿದೆ.

ಹಾಗಾದರೆ ಏನು ದಾರಿ? ಪೂರ್ತಿ, ಕಾಯಂ ಆಗಿ ಮುಚ್ಚುವುದು ಒಂದು. ಬ್ರೆಜಿಲ್‌ನ ಕುರಿಟಿಬಾದಲ್ಲಿ 1972ರಲ್ಲಿ ಮೇಯರ್ ಜೈಮಿ ಲರ್ನರ್ ಒಂದು ವಾರಾಂತ್ಯದಲ್ಲೇ, ಯಾರೂ ಕೋರ್ಟಿಗೆ ಹೋಗುವ ಮೊದಲೇ ಮುಗಿಸಿಬಿಟ್ಟರು. ಕಾರಿನವರು ಗುಂಪಾಗಿ ನುಗ್ಗುತ್ತೇವೆ ಅಂದಾಗ ಬೀದಿಯುದ್ದಕ್ಕೂ ಕಾಗದ ಹಾಸಿ ಮಕ್ಕಳನ್ನು ಚಿತ್ರ ಬಿಡಿಸಲು ಕೂರಿಸಿದರು. ಒಳ್ಳೇ ಕಥೆ, ಬೀದಿಯೂ ಉಳಿಯಿತು. ಆದರೆ ಎಡವಿದರೆ ಹಿಂದೆ ಬರೋಕೆ ದಾರಿ ಇಲ್ಲದ ಕೆಲಸ ಅದು.

ನಾನಾದರೆ ಕೋಪನ್‌ಹೇಗನ್ ದಾರಿಯನ್ನೇ ಹಿಡಿಯಿರಿ ಅನ್ನುತ್ತೇನೆ. ಮೊದಲು ಪ್ರಯೋಗ, ಆಮೇಲೆ ಕಲ್ಲು ಹಾಸು. ಅಲ್ಲಿ 1962ರಲ್ಲಿ ವಾಹನವಿಲ್ಲದ ಜಾಗ 15,800 ಚದರ ಮೀಟರ್ ಇತ್ತು. ಅದು ಒಂದು ಲಕ್ಷದ ಹತ್ತಿರ ಬರಲು 40 ವರ್ಷ ಹಿಡಿಯಿತು. ಪೇಟೆಯ ಪಾರ್ಕಿಂಗನ್ನೂ ವರ್ಷಕ್ಕೆ ಶೇ 2–3ರಂತೆ ಯಾರಿಗೂ ಅಷ್ಟಾಗಿ ಗೊತ್ತಾಗದ ಹಾಗೆ ಇಳಿಸಿದರು. ಪ್ರಯೋಗದಲ್ಲೂ ಒಂದು ಅಪಾಯ ಇದೆ. ಎರಡು ವಾರದ ಪ್ರಯೋಗ ಏನನ್ನೂ ಹೇಳುವುದಿಲ್ಲ. ಜನ ಅಭ್ಯಾಸ ಬದಲಾಯಿಸುವ ಮೊದಲೇ ಅದು ಮುಗಿದುಹೋಗಿ, ‘ನೋಡಿ, ಖಾಲಿ’ ಅನ್ನೋಕೆ ಒಂದು ಫೋಟೋ ಉಳಿಯುತ್ತದೆ. ಕನಿಷ್ಠ ಒಂದು ವರ್ಷ, ಎಲ್ಲ ಋತು ಸೇರಿ ನಡೆಯಬೇಕು.

ಹೊತ್ತಿನ ಪ್ರಕಾರ ಮುಚ್ಚುವುದು ಮೂರನೆಯದು. ಬೆಳಗ್ಗೆ ಸಾಮಾನು ಇಳಿಸೋಕೆ ಬಿಟ್ಟು ಆಮೇಲೆ ನಿಲ್ಲಿಸುವುದು. ಇದು ಎಲ್ಲ ಬಗೆಯ ಯೋಜನೆಯಲ್ಲೂ ಹೇಗೂ ಬೇಕು. ಫೈರ್ ಎಂಜಿನ್, ಆಂಬುಲೆನ್ಸ್ ಹೋಗುವಷ್ಟು ಜಾಗದಲ್ಲಿ ಯಾರೂ ಮೇಜು ಕುರ್ಚಿ ಹಾಕುವಂತಿಲ್ಲ. ಮಂಡಿ ನೋವಿನವರು ಅಂಗಡಿಯಿಂದ ಎಷ್ಟು ದೂರ ಇಳಿಯಬೇಕು ಅನ್ನುವುದನ್ನು ಯಾರಾದರೂ ಅಳತೆ ಪಟ್ಟಿ ಹಿಡಿದು ನೋಡಿದ್ದಾರಾ ಅಂತ ಕೇಳಿ. ಗಡಿಯಾರ ರಿಪೇರಿಗೆ ತರುವವರಲ್ಲಿ ವಯಸ್ಸಾದವರೇ ಜಾಸ್ತಿ ಇರುತ್ತಾರೆ.

ಅಪ್ಪ ಒಪ್ಪಬೇಕಾ ಅಂತ ಕೇಳಿದಿರಿ. ಮುಂದಿನ ಸಭೆಗೆ ಹೋಗುವ ಮೊದಲು ಬಾಡಿಗೆ ಕರಾರು ತೆಗೆದು ನೋಡಲಿ. ಎಷ್ಟು ವರ್ಷ ಉಳಿದಿದೆ, ಬಾಡಿಗೆ ಏರಿಸುವ ಷರತ್ತು ಏನಿದೆ? ಬೀದಿ ಕೆಲಸ ಶುರುವಾಗುವ ಮೊದಲೇ ಮಾಲೀಕರ ಜತೆ ಕೂತು ಅವಧಿ ಉದ್ದ ಮಾಡಿಕೊಳ್ಳೋಕೆ ಇದೇ ಸಮಯ. ಈಗ ಅವರಿಗೂ ಬೀದಿ ಏನಾಗುತ್ತದೋ ಅನ್ನುವ ಅನುಮಾನ ಇದೆ, ಒಂದು ವರ್ಷದ ಮೇಲೆ ಇರುವುದಿಲ್ಲ. ಕರಾರು ಗಟ್ಟಿಯಿದ್ದರೆ ಪ್ರಯೋಗಕ್ಕೆ ಕೈ ಎತ್ತಲಿ. ಇಲ್ಲದಿದ್ದರೆ ಹಿಂದಿನ ಗಲ್ಲಿಯಲ್ಲಿ ಖಾಲಿ ಮಳಿಗೆ ಯಾವುದಿದೆ ಅಂತ ಈಗಲೇ ನೋಡಿಟ್ಟುಕೊಳ್ಳಲಿ.

ಇನ್ನೊಂದು ಕೆಲಸ ನಿಮಗೆ. ಒಂದು ಮಾಮೂಲಿ ದಿನ, ಒಂದು ರಜಾ ದಿನ ಅಂಗಡಿ ಬಾಗಿಲಲ್ಲಿ ಕೂತುಕೊಳ್ಳಿ. ಗಂಟೆಗೆ ಹತ್ತು ನಿಮಿಷ ಸಾಕು. ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ: ಮುಂದೆ ಹಾದುಹೋದವರು, ಗಾಜಿನ ಮುಂದೆ ನಿಂತವರು, ಒಳಗೆ ಬಂದವರು. ಒಳಗೆ ಬಂದವರನ್ನು ಹೇಗೆ ಬಂದಿರಿ ಅಂತ ಕೇಳಿ ಬರೆದುಕೊಳ್ಳಿ. ನಾನು ಎಷ್ಟೋ ಸಲ ಹೀಗೆ ಬೀದಿಯಲ್ಲಿ ಕೂತಿದ್ದೇನೆ. ಪೆನ್ಸಿಲ್ಲೇ ತಗೊಳ್ಳಿ, ಬಿಸಿಲಿಗೆ ಪೆನ್ನು ಕೈ ಕೊಡುತ್ತದೆ. ಬೀದಿಗೆ ವಾಹನ ನಿಂತ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಇನ್ನೊಮ್ಮೆ ಕೂತು ಎಣಿಸಿ. ಆ ಎರಡು ಹಾಳೆಗಳನ್ನು ನನಗೂ ಕಳಿಸಿದರೆ ಒಟ್ಟಿಗೆ ಇಟ್ಟು ನೋಡೋಣ.